ಎಳ್ಳಿನಷ್ಟು ದೂರ

"ಮತ್ತ ನಿಮ್ಮ ಕೈ ಬಂತ್ರಿ, ಟೀಚರ್," ಎಂದ ಪಾರ್ಶ್ವ, ಕ್ಯಾಮೆರಾದ ಹಿಂದಿನಿಂದ.

"ನಾ ಕೈ ತಗಿಯೂಕಿಂತ ಮೊದ್ಲ ನೀವ್ಯಾಕ ಒತ್ತತೀರಿ?" ಸುಹಾಸಿನಿ ಹುಸಿಮುನಿಸಿನಿಂದ ನೋಡಿದಳು. ಅವನು ತುಟಿಯಂಚಿನಲ್ಲಿ ನಕ್ಕು ತಲೆ ತಗ್ಗಿಸಿದ.

ಖಾನಾಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಅವಳಿಗೆ ಮಕ್ಕಳಿಗೊಂದು ಸ್ಟಾಪ್ ಮೋಷನ್ ಸಿನಿಮಾ ಮಾಡಿ ತೋರಿಸುವ ಹುಚ್ಚು. ಹಿಂದವಾಡಿಯ ತನ್ನ ಮನೆಯಲ್ಲೇ ಫೋಟೋ ಸ್ಟುಡಿಯೋ ಇಟ್ಟಿರುವ ಪಾರ್ಶ್ವನಿಗೂ ಇದು ಮೊದಲನೆಯದೇ. ಅವಳು ಮಣ್ಣಿನ ಗೊಂಬೆಯನ್ನು ತುಸು ಸರಿಸಿ ಕೈ ತೆಗೆಯಬೇಕು, ಅವನು ಫೋಟೋ ಹೊಡೆಯಬೇಕು. ಆ ಫೋಟೋಗಳನ್ನು ಒಂದರ ಹಿಂದೊಂದು ಓಡಿಸಿದರೆ ಗೊಂಬೆಗೆ ಜೀವ ಬರುತ್ತದೆ. ಬೆಂಚಿನ ಎರಡು ತುದಿಗೆ ಕೂತ ಹುಡುಗ, ಹುಡುಗಿ ಮೆಲ್ಲಗೆ ಹತ್ತಿರ ಸರಿಯುತ್ತಾರೆ. ಕಥೆ ಅಷ್ಟೇ.

ಮೊದಲ ಭಾನುವಾರ ಕಿಟಕಿ ತೆರೆದಿಟ್ಟು, ಮೋಡ ಸರಿದಾಡಿ, ಸಿನಿಮಾ ತುಂಬ ಬರೀ ಮಿಣುಕು. ಪರದೆ ಎಳೆದು ದೀಪ ಹಾಕುವುದನ್ನು ಕಲಿತರು. ದೀಪದ ಕಾವಿಗೆ ಹುಡುಗನ ಕುತ್ತಿಗೆ ಬಿರಿಯಿತು. ಒದ್ದೆ ಬಟ್ಟೆ ಸುತ್ತಿಡುವುದನ್ನು ಕಲಿತರು. ಹೆಚ್ಚು ಸರಿಸಿದರೆ ಗೊಂಬೆ ಕಪ್ಪೆಯಂತೆ ಜಿಗಿಯುತ್ತಿತ್ತು. ಎಳ್ಳಿನಷ್ಟೇ ಸರಿಸಬೇಕು.

ಈ ಕೊನೆಯ ಪಾಠವನ್ನು ಸುಹಾಸಿನಿ ತುಸು ಅತಿಯಾಗಿಯೇ ಕಲಿತಿದ್ದಳು. ಇವತ್ತು ಗೊಂಬೆಗಳ ಭುಜ ತಾಗಿದರೆ ಸಿನಿಮಾ ಮುಗಿಯಿತು. ಆಮೇಲೆ ಯಾವ ನೆವ ಹೇಳಿ ಹಿಂದವಾಡಿಗೆ ಬರುವುದು? ಈ ಪುಣ್ಯಾತ್ಮನೋ ಬಾಯಿಯೇ ಬಿಡುತ್ತಿಲ್ಲ. ಅವಳಿಗೆ ಅಳುವೇ ಬರುವಂತಿತ್ತು.

"ಹೊತ್ತು ಮುಳಗಾಕ ಬಂತು, ಉಣ್ಣಾಕ ಬರ್ರಿ!" ಒಳಗಿನಿಂದ ಅವನ ತಾಯಿ ಶಾಂತಾಬಾಯಿ ಕೂಗಿದರು. ಹೊತ್ತಿದ್ದಾಗಲೇ ಉಣ್ಣುವ ಜೈನರ ಮನೆ. ಆ ಕೂಗು ಬಂತೆಂದರೆ ಶೂಟಿಂಗ್ ಬಂದ್.

"ಬಂದ್ವಿ, ಕಾಕೂ," ಎಂದಳು ಸುಹಾಸಿನಿ, ಎಂದಿನಂತೆ ಚಿಕ್ಕಮ್ಮನನ್ನು ಕರೆಯುವ ಹಾಗೆ.

"ಟೀಚರ್, ಹುಡುಗಿ ಸರಿಯಾಕ ಒಲ್ಲಳ್ರಿ," ಎಂದ ಪಾರ್ಶ್ವ.

"ಸರಿಸೇನ್ರಿ."

"ಇಲ್ರಿ. ಆಗಿಂದ ಬರೇ ಮುಟ್ಟಿ ಕೈ ತಗಿಯಾಕತ್ತೀರಿ."

ಅವಳ ಕಿವಿ ಬಿಸಿಯಾದವು. "ಅಕಿ ಸರದ್ರ ಎಲ್ಲಾ ಮುಗೀತೈತ್ರಿ. ಆಮ್ಯಾಲ ನಾ ಯಾಕಂತ ಬರ್ಲಿ?"

ಪಾರ್ಶ್ವ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಅವಳ ಕೈ ಬಂತು, ಉಗುರಲ್ಲಿ ಖಾನಾಪುರದ ಕೆಂಪು ಮಣ್ಣು, ಹಸಿರು ಬಳೆ. ಕೈ ಬೆರಳರಳಿಸಿತು, ಮಡಿಸಿತು, ಕುಣಿಯಿತು. ಕೈ ಬಂದು ಕೆಟ್ಟ ಫೋಟೋಗಳನ್ನೆಲ್ಲ ಅವನು ಜೋಡಿಸಿದ್ದ.

"ಇವನ್ನೆಲ್ಲಾ ಅಳಸ್ರಿ ಅಂದಿದ್ನೆಲ್ರಿ!"

"ಮನಸ್ಸಾಗ್ಲಿಲ್ರಿ. ಬೇಕಂತನ ಲಗೂನ ಒತ್ತತಿದ್ನಿ," ಎಂದ, ನೆಲ ನೋಡುತ್ತ.

ಕ್ಯಾಮೆರಾಕ್ಕೆ ಟೈಮರ್ ಇಟ್ಟು ಅವಳ ಬಾಜು ಬಂದು ನಿಂತ. "ಈಗ ಸರಸ್ರಿ."

ಅವಳು ಸರಿಸಿದಳು. ಭುಜಕ್ಕೆ ಭುಜ ತಾಗಿತು. ಕೈ ಹಿಂತೆಗೆಯಬೇಕು, ಅಷ್ಟರಲ್ಲಿ ಅವನ ಕೈ ಅದನ್ನು ಹಿಡಿಯಿತು.

"ಇದ್ರಾಗ ಕೈನೂ ಇರ್ಲಿ."

ಕ್ಯಾಮೆರಾ ಸದ್ದು ಮಾಡಿತು. ಯಾರೂ ಕೈ ಬಿಡಲಿಲ್ಲ.

"ಅನ್ನ ಆರ್ತೈತಿ, ಬರ್ತೀರೋ ಇಲ್ಲೋ?" ಶಾಂತಾಬಾಯಿ ಮತ್ತೆ ಕೂಗಿದರು.

"ಬಂದ್ವಿ, ಅತ್ತೀ," ಎಂದುಬಿಟ್ಟಳು ಸುಹಾಸಿನಿ.

ಒಳಗೆ ತಾಟು ಇಡುತ್ತಿದ್ದ ಸದ್ದು ಗಕ್ಕನೆ ನಿಂತಿತು.