ಜುಬೈರ್‌ನ ಗೊರಸುಪಟ್ಟಿ

ಬಸ್ರಾ ಬಳಿಯ ಜುಬೈರ್‌ನಲ್ಲಿ, ಆಫ್ರಿಕಾದಿಂದ ಬಂದ ನಮ್ಮ ಹಿರಿಯರು ಕುಣಿಯುತ್ತಿದ್ದ ಮನೆಯ ಪಾಯವನ್ನು ನಾನು ಅಗೆಯುತ್ತಿದ್ದೆ. ಸಂಜೆಯೊಳಗೆ ಅವರ ಗುರುತು ಸಿಗದಿದ್ದರೆ ಆ ಜಾಗ ರಸ್ತೆಯ ಪಾಲಾಗುತ್ತಿತ್ತು.

ಬೇಸತ್ತ ಮರ್ಜೂಕ್ ಚಿಕ್ಕಪ್ಪ ಗುಂಡಿಯ ಅಂಚಿನಲ್ಲಿ ಕೂತು ತಮ್ಮ ತಂತಿವಾದ್ಯ ಮೀಟಿದರು.

"ಯಾರನ್ನ ಕರೀತಿದ್ದೀಯೋ, ನಮ್ಮಜ್ಜೀನಾ?" ಎಂದು ಬಖೀತಾ ಅತ್ತೆ ಛೇಡಿಸಿದರು.

"ಬಂದ್ರೆ ನಿನಗಿಂತ ಚೆನ್ನಾಗೇ ಕುಣೀತಾಳೆ ಬಿಡಕ್ಕಾ."

ಆಗ ಇನ್ನೂ ಅಗೆಯದ ಮೂಲೆಯ ಮಣ್ಣಿನಡಿಯಿಂದ, ತಾಳಕ್ಕೆ ಸರಿಯಾಗಿ, ಗೊರಸುಗಳು ಗಲಗಲ ಅಲುಗುವ ಸದ್ದು ಬಂತು. ಚಿಕ್ಕಪ್ಪ ಕೈ ನಿಲ್ಲಿಸಿದರು, ಸದ್ದು ನಿಲ್ಲಲಿಲ್ಲ. ಅತ್ತೆ ಚಪ್ಪಲಿ ಕಳಚಿ ನಿಂತರು.

ಅಲ್ಲೇ ಅಗೆದೆ. ಒಣ ಮಣ್ಣಿನೊಳಗೆ, ಕುಣಿಯುವವರು ಸೊಂಟಕ್ಕೆ ಕಟ್ಟುವ, ಮೇಕೆಯ ಗೊರಸು ಹೊಲಿದ ಪಟ್ಟಿ ಸಿಕ್ಕಿತು. ಜಾಗ ಉಳಿಯಿತು.

ನಾನು ಎತ್ತಿಕೊಂಡಾಗ ಆ ಪಟ್ಟಿಯ ಬಟ್ಟೆ ಬೆಚ್ಚಗಿತ್ತು, ಬೆವರಿನಿಂದ ತೊಯ್ದಿತ್ತು.