ದೊಡ್ಡೊಲೆಯ ವಾರಗಿತ್ತಿಯರು

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ಆಚೆ ಹೆಪ್ಪುಗಿರಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ವರ್ಷಕ್ಕೆ ಎಂಟು ತಿಂಗಳು ಹಿಮ ಬೀಳುತ್ತಿತ್ತು. ಉಳಿದ ನಾಲ್ಕು ತಿಂಗಳು ಜನ ಮುಂದೆ ಬೀಳಲಿರುವ ಹಿಮದ ಬಗ್ಗೆ ಮಾತಾಡುತ್ತ ಕಳೆಯುತ್ತಿದ್ದರು. ಕೊಡದಲ್ಲಿ ನೀರು ತಂದರೆ ಮನೆ ಮುಟ್ಟುವುದರೊಳಗೆ ಅದು ಕಲ್ಲಾಗಿರುತ್ತಿತ್ತು.

ಅಂಥ ರಾಜ್ಯದಲ್ಲಿ ಉದಯಕೀರ್ತಿ ರಾಜನ ಅರಮನೆ ಮಾತ್ರ ಬೆಚ್ಚಗಿತ್ತು. ಅರಮನೆಯ ನೆಲಮನೆಯಲ್ಲಿ ಒಂದು ಒಲೆ ಇತ್ತು. ಅದರ ಹೆಸರು ದೊಡ್ಡೊಲೆ. ರಾಜನ ಮುತ್ತಜ್ಜನ ಕಾಲದಲ್ಲಿ ದಾರಿ ತಪ್ಪಿ ಬಂದ ಗಂಧರ್ವನೊಬ್ಬ ಬಿಸಿ ರೊಟ್ಟಿ ತಿಂದು, ತೃಪ್ತಿಯಿಂದ ತೇಗಿ, ಅದನ್ನು ಕಟ್ಟಿಕೊಟ್ಟು ಹೋಗಿದ್ದ. ಒಲೆಯ ನೆತ್ತಿಯಿಂದ ನಲವತ್ತು ಮಣ್ಣಿನ ಕೊಳವೆಗಳು ಹೊರಟು, ಗೋಡೆಗಳ ಒಳಗೇ ಹಾದು, ನಲವತ್ತು ಕೋಣೆಗಳಿಗೆ ಬಿಸಿಗಾಳಿ ಒಯ್ಯುತ್ತಿದ್ದವು.

ದೊಡ್ಡೊಲೆಗೆ ಒಂದು ಗುಣವಿತ್ತು. ಅದರ ಚಾಕರಿ ಮಾಡುವವರು ದಿನಾ ಬೆಳಿಗ್ಗೆ ಅದರ ಬಾಯಿಯ ಮುಂದೆ ನಿಂತು, ನಿನ್ನೆ ತಮ್ಮ ಕೈ ಏನೇನು ಮಾಡಿತು ಎಂದು ಒಂದೂ ಬಿಡದೆ ಹೇಳಬೇಕು. ಎಷ್ಟು ಕೊರಡು ಇಟ್ಟೆ, ಯಾವ ಕೊಳವೆಯ ಮುಚ್ಚಳ ತೆಗೆದೆ, ಎಷ್ಟು ಬೂದಿ ಎತ್ತಿದೆ, ಎಲ್ಲ. ಇದಕ್ಕೆ ಒಪ್ಪಿಸುವುದು ಎನ್ನುತ್ತಿದ್ದರು. ಇದ್ದದ್ದು ಇದ್ದಂತೆ ಒಪ್ಪಿಸಿದರೆ ಉರಿ ನೆಟ್ಟಗೆ ಏಳುತ್ತಿತ್ತು. ಒಂದು ಮಾತು ನುಂಗಿಕೊಂಡರೂ ಉರಿ ಮುಖ ತಿರುಗಿಸಿ ಮಂಕಾಗುತ್ತಿತ್ತು.

ಈ ಚಾಕರಿ ಒಂದೇ ಮನೆತನದ ಸೊಸೆಯರದು. ಅವರಲ್ಲಿ ಹಿರಿಯಳನ್ನು ಒಲೆಯವ್ವ ಎಂದು ಕರೆಯುತ್ತಿದ್ದರು. ಅವಳ ಕೈಯಲ್ಲಿ ಒಂದು ಕಬ್ಬಿಣದ ಸಲಾಕೆ ಇರುತ್ತಿತ್ತು. ಆ ಸಲಾಕೆ ಹಿಡಿದವಳು ಎದುರಾದರೆ ದಳಪತಿಯೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಹನ್ನೆರಡು ವರ್ಷಗಳಿಂದ ಸಲಾಕೆ ಸಂಕವ್ವನ ಕೈಯಲ್ಲಿತ್ತು. ಅತ್ತೆಯ ಹತ್ತಿರ ಬೈಸಿಕೊಂಡು, ಎರಡು ಸಲ ಹುಬ್ಬು ಸುಟ್ಟುಕೊಂಡು ಕಲಿತ ಕೆಲಸ ಅದು. ಅವಳಿಗೆ ಮಕ್ಕಳಿರಲಿಲ್ಲ, ಒಡವೆಯ ಆಸೆ ಇರಲಿಲ್ಲ. ಸಲಾಕೆ ಇತ್ತು, ಅಷ್ಟೇ ಸಾಕಾಗಿತ್ತು.

ಆಗ ಮೈದುನನ ಹೆಂಡತಿಯಾಗಿ ಕಸ್ತೂರವ್ವ ಬಂದಳು. ಅವಳು ಕುಂಬಾರರ ಮನೆಯ ಮಗಳು. ಗಡಿಗೆಯನ್ನು ಬೆರಳಿಂದ ಬಡಿದು, ಬಿರುಕು ಎಲ್ಲಿದೆ ಎಂದು ಸದ್ದಿನಲ್ಲೇ ಹೇಳುವ ಕಿವಿ ಅವಳದು. ವಾರಗಿತ್ತಿಯರು ಮೂರು ತಿಂಗಳು ಚೆನ್ನಾಗಿಯೇ ಇದ್ದರು. ಸಂಕವ್ವ ಹೇಳಿಕೊಟ್ಟಳು, ಕಸ್ತೂರವ್ವ ಕಲಿತಳು.

ಏಳನೆಯ ಬೆಟ್ಟದ ಹಿಂದೆ ಥಂಡಿರಾಯನೆಂಬ ಮಾಂತ್ರಿಕನಿದ್ದ. ಅವನ ಮೈಯಲ್ಲಿ ರಕ್ತವಿರಲಿಲ್ಲ, ಮಂಜುನೀರಿತ್ತು. ಆ ವರ್ಷ ರಾಣಿ ಹೆಣ್ಣುಮಗುವನ್ನು ಹೆತ್ತಳು. ಎಳೆ ಕೂಸನ್ನು ಎದೆಗೊತ್ತಿಕೊಂಡರೆ ತನಗೂ ರಕ್ತ ಹರಿಯುತ್ತದೆ ಎಂದು ಥಂಡಿರಾಯ ಲೆಕ್ಕ ಹಾಕಿದ. ಕೂಸಿನ ಗತಿ ಏನಾಗುತ್ತದೆ ಎಂದು ಅವನು ಯೋಚಿಸಲಿಲ್ಲ, ಅಂಥವರು ಯೋಚಿಸುವುದಿಲ್ಲ. ಆದರೆ ದೊಡ್ಡೊಲೆ ಉರಿಯುವವರೆಗೆ ಅವನು ಅರಮನೆಯ ಹೊಸಿಲು ತುಳಿಯುವಂತಿರಲಿಲ್ಲ.

ಅದಕ್ಕೇ ಅವನು ಮೊದಲು ಒಂದು ಬೂದಿಹಂದಿಯನ್ನು ಕಳಿಸಿದ.

ಮರುದಿನ ಬೆಳಿಗ್ಗೆ ಕೊರಡು ಇಟ್ಟು ಸ್ವಲ್ಪ ಹೊತ್ತಿಗೆ ದೊಡ್ಡೊಲೆ ಢಂ ಎಂದಿತು. ಅರಮನೆ ನಡುಗಿತು. ರಾಜನ ಕೈಯಲ್ಲಿದ್ದ ಹಾಲಿನ ಬಟ್ಟಲು ಮಂತ್ರಿಯ ಮಡಿಲಿಗೆ ಬಿತ್ತು. ಅದರ ಮರುದಿನವೂ ಢಂ. ಜನ ಸಾಲುಗಟ್ಟಿ ನೆಲಮನೆಗೆ ಇಳಿದು ಬಂದರು. ಸಂಕವ್ವ ಕೊರಡು ಹಸಿ ಇರಬೇಕೆಂದು ಒಣ ಕೊರಡು ಹಾಕಿದಳು. ಸದ್ದು ನಿಲ್ಲಲಿಲ್ಲ. ಇಬ್ಬರೂ ಒಪ್ಪಿಸಿದರು. ಉರಿ ನೆಟ್ಟಗೇ ಎದ್ದಿತು. ಹಾಗಾದರೆ ಇದು ನಮ್ಮ ಕೈಯ ತಪ್ಪಲ್ಲ, ಹೊರಗಿನಿಂದ ಬಂದದ್ದು ಎಂದಳು ಕಸ್ತೂರವ್ವ. ಕಿವಿಗೊಟ್ಟು ಕೇಳಿದಳು. ಮೊದಲು ಹೊಗೆ ತುಂಬುತ್ತದೆ, ಆಮೇಲೆ ಎಲ್ಲ ಒಮ್ಮೆಗೇ ಹೊತ್ತಿ ಸಿಡಿಯುತ್ತದೆ, ಕೆಳಗಿಂದ ಗಾಳಿ ಬರುತ್ತಿಲ್ಲ ಎಂದಳು. ಬೂದಿಗುಂಡಿಯ ಬಾಗಿಲು ತೆಗೆದರೆ, ಗಾಳಿಕಿಂಡಿಗೆ ಅಡ್ಡಲಾಗಿ ಬೂದಿಹಂದಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಅವಳು ಅದರ ಮೂಗಿಗೆ ಮೆಣಸಿನಪುಡಿ ಹಿಡಿದಳು. ಹಂದಿ ಒಂದು ಸೀನು ಸೀನಿತು. ಬೂದಿಯ ಮೈ ಅಲ್ಲವೇ, ಆ ಸೀನಿಗೇ ಚೆದುರಿ ಹೋಯಿತು.

ಢಂ ನಿಂತಿತು. ರಾಜ ಕಸ್ತೂರವ್ವನಿಗೆ ಶಾಲು ಹೊದಿಸಿದ. ನಾನೂ ಮುಂದೆ ಅಲ್ಲೇ ನೋಡುವವಳಿದ್ದೆ ಎಂದುಕೊಂಡಳು ಸಂಕವ್ವ. ಅದು ನಿಜವೂ ಆಗಿತ್ತು. ಆದರೆ ಮುಂದೆ ನೋಡುವವರಿಗೆ ಯಾರೂ ಶಾಲು ಹೊದಿಸುವುದಿಲ್ಲ.

ಥಂಡಿರಾಯ ಎರಡನೆಯದಾಗಿ ಒಂದು ಕಬ್ಬಿಣದ ಜೀರುಂಡೆಯನ್ನು ಕಳಿಸಿದ.

ಒಲೆಗೆ ಗಾಳಿ ಊದುವ ತಿದಿಗೆ ಒಂದು ಗಾಲಿ ಇತ್ತು. ಅದು ಕಿರ್ರ್ ಎಂದು ಚೀರತೊಡಗಿತು. ಆ ಸದ್ದಿಗೆ ಬಾಣಂತಿ ಬೆಚ್ಚಿದಳು, ಕೂಸು ಅತ್ತಿತು, ಅರಮನೆಯ ನಾಯಿಗಳೆಲ್ಲ ಊಳಿಟ್ಟವು. ಸಂಕವ್ವ ಗಾಲಿಗೆ ಎಣ್ಣೆ ಬಿಟ್ಟಳು. ಗಳಿಗೆ ಹೊತ್ತು ಸುಮ್ಮನಿದ್ದು ಮತ್ತೆ ಚೀರಿತು. ಇಬ್ಬರೂ ಒಪ್ಪಿಸಿದರು. ಉರಿ ನೆಟ್ಟಗೆ ಎದ್ದಿತು. ಕಸ್ತೂರವ್ವ ಗಾಲಿಗೆ ಕಿವಿ ಇಟ್ಟು, ಎಣ್ಣೆಯನ್ನು ಯಾರೋ ಕುಡಿಯುತ್ತಿದ್ದಾರೆ ಎಂದಳು. ಅಚ್ಚಿನ ಸಂದಿನಲ್ಲಿ ಜೀರುಂಡೆ ಕೂತಿತ್ತು. ಅವಳು ಒಂದು ಗಡಿಗೆ ಹರಳೆಣ್ಣೆ ತಂದು ಸುರಿದಳು. ಜೀರುಂಡೆ ಆಸೆಬುರುಕತನದಿಂದ ಕುಡಿಯಿತು, ಕುಡಿಯಿತು, ಹೊಟ್ಟೆ ಉಬ್ಬಿ ಕೆಳಗೆ ಬಿತ್ತು. ಅವಳು ಅದನ್ನು ಇಕ್ಕಳದಲ್ಲಿ ಎತ್ತಿ ಉರಿಗೆ ಹಾಕಿದಳು.

ಈ ಸಲ ರಾಜ ತುಂಬಿದ ಸಭೆಯಲ್ಲಿ ಹೇಳಿದ, ಮಗುವಿಗೆ ಹೆಸರಿಡುವ ದಿನ ಸಲಾಕೆ ಕಸ್ತೂರವ್ವನ ಕೈಗೆ ಹೋಗುತ್ತದೆ ಎಂದು. ಹೆಸರಿಡುವುದಕ್ಕೆ ಮೂರು ದಿನ ಉಳಿದಿತ್ತು.

ಸಂಕವ್ವನಿಗೆ ಹೊಟ್ಟೆಕಿಚ್ಚು ಹತ್ತಿತು. ಬಡಿಸಿಕೊಂಡ ರೊಟ್ಟಿಯನ್ನು ನಾಯಿಗೆ ಹಾಕಿದಳು. ಕಸ್ತೂರವ್ವ ನಕ್ಕರೆ ತನ್ನನ್ನು ನೋಡಿ ನಕ್ಕಳು ಅನಿಸುತ್ತಿತ್ತು. ನಗದಿದ್ದರೆ ಈಗಲೇ ಬಿಂಕ ಬಂತು ಅನಿಸುತ್ತಿತ್ತು. ಅವಳು ಸೆರಗು ಸಿಕ್ಕಿಸುವ ರೀತಿ, ನೀರು ಕುಡಿಯುವ ಸದ್ದು, ‘ಅಕ್ಕಾ’ ಎಂದು ಕರೆಯುವ ದನಿ, ಒಂದೂ ಸೇರುತ್ತಿರಲಿಲ್ಲ. ಮೊನ್ನೆಯವರೆಗೆ ಅದೇ ದನಿ ಕೇಳಿದರೆ ಖುಷಿಯಾಗುತ್ತಿತ್ತು ಎಂಬುದು ನೆನಪಾದಾಗ ಇನ್ನೂ ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಮಸಿ ಬೇಡುವ ಮುದುಕನೊಬ್ಬ ಹಿತ್ತಲ ಬಾಗಿಲ ಹೊರಗೆ ಬಂದು ಕೂತ. ಹೊಸಿಲು ದಾಟಲಿಲ್ಲ. ಹನ್ನೆರಡು ವರ್ಷ ದುಡಿದವರನ್ನು ಯಾರು ಕೇಳುತ್ತಾರೆ ತಾಯಿ ಎಂದು ಮರುಗಿದ. ಅಷ್ಟು ಸಾಕಾಯಿತು, ಸಂಕವ್ವ ಮನಸ್ಸಿನಲ್ಲಿದ್ದದ್ದನ್ನೆಲ್ಲ ತೋಡಿಕೊಂಡಳು. ಮುದುಕ ಒಂದು ಹಿಡಿ ಬಿಳಿ ಅರಳೆ ಕೊಟ್ಟ. ಇದನ್ನು ಬಾಣಂತಿ ಕೋಣೆಯ ಕೊಳವೆಗೆ ತುರುಕಿಬಿಡು, ಸದ್ದು ಬರುತ್ತದೆ, ಅವಳು ಹುಡುಕುತ್ತಾಳೆ, ಸಿಗುವುದಿಲ್ಲ, ನೀನು ಹೋಗಿ ಎಳೆದು ತೆಗೆ, ಆಗ ನೋಡು ಸಲಾಕೆ ಯಾರದು ಅಂತ, ಎಂದ. ಅರಳೆ ಕೈಗೆ ತಣ್ಣಗೆ ಹತ್ತಿತು. ಮುದುಕ ಯಾರೆಂದು ನಿಮಗೆ ಗೊತ್ತಾಗಿದೆ. ಸಂಕವ್ವನಿಗೂ ಗೊತ್ತಾಗಬಹುದಿತ್ತು, ಆದರೆ ಅವಳ ಕಣ್ಣಿಗೆ ಆಗ ಕಸ್ತೂರವ್ವನ ಶಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವಳು ಒಳಗೆ ಹೋಗಿ ಬಾಣಂತಿ ಕೋಣೆಗೆ ಹೋಗುವ ಏಳನೆಯ ಕೊಳವೆಗೆ ಅರಳೆ ತುರುಕಿದಳು.

ಬೆಳಗಾಯಿತು. ಏಳನೆಯ ಕೊಳವೆ ಸುಂಯ್ ಎಂದು ಸಿಳ್ಳೆ ಹಾಕುತ್ತಿತ್ತು. ಬಾಣಂತಿ ಕೋಣೆಯ ಗೋಡೆ ಬೆವರಿ ತಣ್ಣಗಾಗಿತ್ತು. ಸಂಕವ್ವ ಒಲೆಯ ಮುಂದೆ ನಿಂತು ಕೊರಡಿನ ಲೆಕ್ಕ ಒಪ್ಪಿಸಿದಳು, ಬೂದಿಯ ಲೆಕ್ಕ ಒಪ್ಪಿಸಿದಳು, ಅರಳೆಯ ಮಾತು ನುಂಗಿಕೊಂಡಳು. ಕಸ್ತೂರವ್ವನೂ ಒಪ್ಪಿಸಿದಳು. ಉರಿ ಮುಖ ತಿರುಗಿಸಿತು.

ಕಸ್ತೂರವ್ವ ಬೆಚ್ಚಿದಳು. ಇದುವರೆಗೆ ಅವಳು ಅದನ್ನು ಕಂಡಿರಲಿಲ್ಲ. ಅಕ್ಕ ಮುಚ್ಚಿಟ್ಟಿರಬಹುದು ಎಂಬ ಅನುಮಾನ ಅವಳ ತಲೆಗೆ ಬರಲೇ ಇಲ್ಲ. ಮೇಲೆ ಓಡಿದಳು, ಕೆಳಗೆ ಓಡಿದಳು, ಗೋಡೆಗೆ ಕಿವಿ ಹಚ್ಚಿದಳು. ಸಿಗಲಿಲ್ಲ. ಸಂಕವ್ವನಿಗೆ ಒಳಗೊಳಗೇ ಹಿತವಾಯಿತು. ಇನ್ನಷ್ಟು ಹುಡುಕಲಿ ಎಂದು ಊಟದ ಹೊತ್ತಿನವರೆಗೆ ಕಾದು, ಯಾರೂ ಇಲ್ಲದಾಗ ಹೋಗಿ ಕೊಳವೆಗೆ ಕೈ ಹಾಕಿದಳು.

ಅರಳೆ ಇರಲಿಲ್ಲ. ಕೈಗೆ ಸಿಕ್ಕಿದ್ದು ಹಾವಿನ ಬಾಲ. ಅದು ಹಿಮದ ಹಾವು, ತೊಡೆಯಷ್ಟು ದಪ್ಪ, ಕೊಳವೆಯ ಉದ್ದಕ್ಕೂ ಬೆಳೆದಿತ್ತು. ಒಳಗಿನಿಂದ ಮುದುಕನದೇ ದನಿ ಬಂತು. ಹೊತ್ತು ಮುಳುಗುವುದರೊಳಗೆ ನನ್ನ ತಲೆ ತೊಟ್ಟಿಲು ಮುಟ್ಟುತ್ತದೆ, ಕೂಸು ನನ್ನದು ಎಂದಿತು.

ಸಂಕವ್ವ ಎಳೆದಳು. ಸಲಾಕೆಯಿಂದ ತಿವಿದಳು. ಕುದಿಯುವ ನೀರು ಸುರಿದಳು. ಮೂರಕ್ಕೂ ಹಾವು ಜಗ್ಗಲಿಲ್ಲ. ಮೇಲಿಂದ ಸುದ್ದಿ ಬಂತು, ಕೂಸಿನ ತುಟಿ ನೀಲಿಯಾಗಿದೆ ಎಂದು ರಾಣಿ ಒಳಗಿಂದ ಕೂಗುತ್ತಿದ್ದಾಳೆ, ಕೋಣೆಯ ಬಾಗಿಲು ಹಿಮ ಕಟ್ಟಿ ತೆರೆಯುತ್ತಿಲ್ಲ, ತಾಯಿ ಮಗು ಒಳಗೇ ಸಿಕ್ಕಿಕೊಂಡಿದ್ದಾರೆ ಎಂದು. ಆಳುಗಳು ಕೊಡಲಿ ಹಿಡಿದು ಬಾಗಿಲು ಕಡಿಯುತ್ತಿದ್ದರು. ಕಡಿದಷ್ಟೂ ಹಿಮ ಕೂಡಿಕೊಳ್ಳುತ್ತಿತ್ತು.

ಕಸ್ತೂರವ್ವ ಗೋಡೆಗಳಾದರೂ ಕಾಯಲಿ ಎಂದು ಉಳಿದ ಮೂವತ್ತೊಂಬತ್ತು ಕೊಳವೆಗಳ ಮುಚ್ಚಳವನ್ನೂ ತೆಗೆದಿಟ್ಟಳು. ಆಮೇಲೆ ಸಂಕವ್ವನ ಹತ್ತಿರ ಬಂದಳು. ಮುಖಕ್ಕೆಲ್ಲ ಮಸಿ ಮೆತ್ತಿತ್ತು.

“ಅಕ್ಕಾ, ನಿನ್ನೆ ಏನರ ಬ್ಯಾರೆ ಮಾಡಿದ್ದೇನು? ಸಣ್ಣದಿದ್ರೂ ಹೇಳು.”

“ಇಲ್ಲ,” ಎಂದಳು ಸಂಕವ್ವ. ಉರಿ ಒಂದು ಗೇಣು ಕುಗ್ಗಿತು.

“ಏಳನೇ ಕೊಳವಿ ಕಡೆ ಹೋಗಿದ್ದೇನು?”

“ಇಲ್ಲ ಅಂದೆಲ್ಲ.” ಉರಿ ಇನ್ನೊಂದು ಗೇಣು ಕುಗ್ಗಿತು.

ಹೇಳಿದರೆ ಸಲಾಕೆ ಹೋಗುತ್ತದೆ, ಮಾನವೂ ಹೋಗುತ್ತದೆ, ಎರಡೂ ಹೋಗಿ ಇವಳ ಶಾಲಿಗೆ ಇನ್ನೊಂದು ಶಾಲು ಸೇರುತ್ತದೆ. ಹೇಳದಿದ್ದರೆ ಕೂಸು ಹೋಗುತ್ತದೆ. ಸಂಕವ್ವ ಸಲಾಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಕಸ್ತೂರವ್ವ ಮೂರನೆಯ ಸಲ ಕೇಳಲಿಲ್ಲ. ಒಲೆಯ ಮುಂದೆ ಹೋಗಿ ಕೈಮುಗಿದು ನಿಂತಳು. “ಏಳನೇ ಕೊಳವಿ ಕಡೀಕ ತೊಳದಾಕಿ ನಾನ. ನನಗ ನೆನಪಿಲ್ಲ, ಆದ್ರ ತಪ್ಪು ನನ್ನ ಕೈದ ಇರಬೇಕು. ಅಕ್ಕ ಹನ್ನೆರಡು ವರ್ಷ ತಪ್ಪು ಮಾಡಿದಾಕಿ ಅಲ್ಲ. ನಾನ ಮಾಡೀನಿ,” ಎಂದಳು.

ಸಂಕವ್ವನ ಮನಸ್ಸು ಕರಗಿತು ಎಂದು ನೀವು ತಿಳಿದಿರಬಹುದು. ಕರಗಲಿಲ್ಲ. ಅವಳಿಗೆ ಹಿಂದೆಂದೂ ಬಾರದಷ್ಟು ಹೊಟ್ಟೆಕಿಚ್ಚು ಬಂತು. ಶಾಲು ಇವಳಿಗೆ, ಹೊಗಳಿಕೆ ಇವಳಿಗೆ, ಸಲಾಕೆಯೂ ಇವಳಿಗೆ. ಈಗ ನಾನು ಮಾಡಿದ ತಪ್ಪನ್ನೂ ಇವಳೇ ಹೊತ್ತುಕೊಂಡು ಒಳ್ಳೆಯವಳಾಗಬೇಕೇ? ಇದೊಂದನ್ನು ಮಾತ್ರ ಬಿಟ್ಟುಕೊಡಲಾರೆ ಅನಿಸಿತು ಅವಳಿಗೆ. ನುಗ್ಗಿ ಬಂದು ವಾರಗಿತ್ತಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.

“ಸರಿ ಅತ್ಲಾಗ, ಅದು ನಂದು,” ಎಂದಳು. “ಕೊಳವಿಗೆ ಅರಳಿ ತುರುಕಿದಾಕಿ ನಾನು. ಮಸಿ ಬೇಡೋ ಮುದುಕ ಕೊಟ್ಟ, ನಾನು ಇಸಗೊಂಡೆ. ಈಕಿ ಮ್ಯಾಲಿನ ಹೊಟ್ಟಿಕಿಚ್ಚಿಗೆ ಮಾಡಿದೆ. ಹನ್ನೆರಡು ವರ್ಷ ಈ ಒಲಿ ಒಂದು ಸಪ್ಪಳ ಮಾಡಲಿಲ್ಲ. ಮಾಡದಂಗ ನೋಡಿಕೊಂಡಾಕಿ ನಾನು. ಒಬ್ಬರೂ ಕೆಳಗಿಳಿದು ಬಂದು, ಹ್ಯಾಂಗಿದ್ದಿ ಸಂಕವ್ವ ಅನ್ನಲಿಲ್ಲ. ಒಂದು ದಿನ ಢಂ ಅಂತು, ಎಲ್ಲಾರೂ ಓಡಿ ಬಂದು ಈಕಿಗೆ ಶಾಲು ಹೊದಿಸಿದ್ರಿ. ನನ್ನ ಒಲಿ ಸುಮ್ಮನಿದ್ದದ್ದ ನನ್ನ ತಪ್ಪಾತು. ಕೂಸಿಗೆ ಕೆಡಕಾಗಲಿ ಅಂತ ನಾ ಅನಕೊಂಡಿಲ್ಲ. ಆದ್ರ ಆಗೇತಿ, ನನ್ನ ಕೈಯಿಂದ ಆಗೇತಿ.”

ಮೂವತ್ತೊಂಬತ್ತು ಕೊಳವೆಗಳ ಮುಚ್ಚಳ ತೆಗೆದಿತ್ತಲ್ಲ, ಮಾತೆಲ್ಲ ಗೋಡೆಯೊಳಗೆ ಹಾದು ಮೇಲೆ ಹೋಯಿತು. ಸಭೆಯಲ್ಲಿ ಕೇಳಿತು, ಅಡುಗೆಮನೆಯಲ್ಲಿ ಕೇಳಿತು. ಬಾಗಿಲು ಕಡಿಯುತ್ತಿದ್ದವರು ಕೊಡಲಿ ಇಳಿಸಿ ಕೇಳಿದರು. ರಾಜ ನಿಂತಲ್ಲೇ ತಲೆ ತಗ್ಗಿಸಿದ.

ದೊಡ್ಡೊಲೆಯ ಉರಿ ಭೋರೆಂದು ಎದ್ದಿತು. ನೆಟ್ಟಗೆ, ಒಂದಾಳೆತ್ತರ ಎದ್ದು ಏಳನೆಯ ಕೊಳವೆಗೆ ನುಗ್ಗಿತು. ಹಿಮದ ಹಾವು ಬಾಲದಿಂದ ಕರಗುತ್ತ ಕರಗುತ್ತ ಹೋಯಿತು. ಅದರ ತಲೆ ತೊಟ್ಟಿಲಿಗೆ ಒಂದು ಗೇಣು ಇರುವಾಗ ನೀರಾಗಿ ನೆಲಕ್ಕೆ ಬಿತ್ತು. ಥಂಡಿರಾಯ ತನ್ನ ಉಸಿರನ್ನೇ ಆ ಹಾವಿಗೆ ಊದಿದ್ದ. ಹಿತ್ತಲಲ್ಲಿ ಕಾಯುತ್ತ ಕೂತಿದ್ದವನು ಕೂತಲ್ಲೇ ಕರಗಿ ಬಚ್ಚಲ ಮೋರಿಯಲ್ಲಿ ಹರಿದುಹೋದ. ಬಾಣಂತಿ ಕೋಣೆಯ ಬಾಗಿಲು ತಾನಾಗಿ ತೆರೆಯಿತು. ಕೂಸಿನ ತುಟಿ ಕೆಂಪಾಯಿತು. ಅದು ಹಸಿವಾಗಿ ಅತ್ತಿತು. ಆ ಅಳು ಕೇಳಿ ಇಡೀ ಅರಮನೆ ನಕ್ಕಿತು.

ಸಂಕವ್ವ ಸಲಾಕೆಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ಕೂತಳು. ಶಿಕ್ಷೆ ಏನೇ ಬರಲಿ ಎಂದುಕೊಂಡಳು. ರಾಜ ಮೆಟ್ಟಿಲಿಳಿದು ಬಂದ. ಸದ್ದಿಲ್ಲದೆ ಇದ್ದ ನೆಲಮನೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ನೆಲಕ್ಕಿಟ್ಟ ಸಲಾಕೆಯ ಪಕ್ಕದಲ್ಲಿ ಬಂದು ನಿಂತ.

“ಹ್ಯಾಂಗಿದ್ದೀರಿ ಸಂಕವ್ವ?” ಎಂದ.

ಸಂಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ರಾಜ, ತಪ್ಪು ಅವಳದು ಎಷ್ಟೋ ತನ್ನದೂ ಅಷ್ಟೇ ಎಂದ. ಆದರೆ ಕೂಸು ಸಾಯುವುದರಲ್ಲಿತ್ತು, ಅದಕ್ಕೆ ಒಂದು ವರ್ಷ ಸಲಾಕೆ ಕಸ್ತೂರವ್ವನ ಕೈಯಲ್ಲಿರಲಿ, ಆಮೇಲೆ ವರ್ಷಕ್ಕೊಬ್ಬರಂತೆ ಹಿಡಿಯಲಿ ಎಂದ. ಸಂಕವ್ವ ಒಪ್ಪಿಕೊಂಡಳು.

ಎಲ್ಲರೂ ಮೇಲೆ ಹೋದ ಮೇಲೆ ಕಸ್ತೂರವ್ವ ಪಕ್ಕದಲ್ಲಿ ಬಂದು ಕೂತಳು. ತನಗೂ ಒಪ್ಪಿಸುವುದು ಒಂದು ಉಳಿದಿದೆ ಎಂದಳು.

“ನನಗೂ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಇತ್ತಕ್ಕಾ. ನಿನ್ನ ಕೈಯಾಗ ಹನ್ನೆರಡು ವರ್ಷ ಕೂಸಿನಂಗ ಮಲಗಿದ್ದ ಒಲಿ, ನಾ ಬಂದು ಮೂರು ತಿಂಗಳಿಗೆ ಬೊಬ್ಬಿ ಹಾಕಾಕ ಹತ್ತಿತು. ಆ ಶಾಲು ಹೊದ್ದಾಗ ನನಗ ಎಷ್ಟು ನಾಚಿಕಿ ಆತು ಗೊತ್ತೇನು?”

ಸಂಕವ್ವ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ಎಷ್ಟೋ ದಿನಗಳಾದ ಮೇಲೆ ಅವಳ ಹೊಟ್ಟೆ ತಣ್ಣಗಾಗಿತ್ತು. ಹಸಿವೂ ಆಯಿತು. ಇಬ್ಬರೂ ಒಲೆಯ ಬಾಯಲ್ಲೇ ರೊಟ್ಟಿ ಬಿಸಿ ಮಾಡಿಕೊಂಡು ಉಂಡರು.

ಮರುದಿನ ಕೂಸಿಗೆ ಹೆಸರಿಟ್ಟರು. ಥಂಡಿರಾಯನಿಲ್ಲದ ಏಳನೆಯ ಬೆಟ್ಟದಲ್ಲಿ ಹುಲ್ಲು ಚಿಗುರಿತು. ಹೆಪ್ಪುಗಿರಿಯ ರಾಜ ರಾಣಿ, ಪ್ರಜೆಗಳು, ಇಬ್ಬರು ವಾರಗಿತ್ತಿಯರು ಬಹುಕಾಲ ಬೆಚ್ಚಗೆ, ಸುಖವಾಗಿ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯೂ ಬೆಚ್ಚಗಿರಲಿ.