ಲಿಂಡೋವರ್ ಬಂಗಲೆಯ ಜೋಡಿ ಫೆಸೆಂಟ್

ಬೆಳಗಿನ ಚಹಾ ಇನ್ನೂ ಬಟ್ಟಲಿಗೆ ಬಿದ್ದಿರಲಿಲ್ಲ, ಬಾಗಿಲು ತಟ್ಟಿದ ಸದ್ದಾಯಿತು. ನೆಲ್ ಒಟ್ವೇ ತೆರೆದು ನೋಡಿದರೆ ಬಾಣಸಿಗ ಓವನ್ ಟ್ರೆಹಾರ್ನ್, ಚಾಕುಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಕೆಲಸ ಹೋಯ್ತು ಅಮ್ಮಾವ್ರೇ. ಹೇಳಿ ಹೋಗೋಣ ಅಂತ ಬಂದೆ."

"ಕೂತ್ಕೊಂಡು ಹೇಳು. ನಿಂತ್ಕೊಂಡು ಅಳೋ ಗಂಡಸರನ್ನ ನನ್ನ ಕೈಲಿ ನೋಡಕ್ಕಾಗಲ್ಲ," ಎಂದರು ಹೆಸ್ಪರ್ ವೇನ್.

ಲಿಂಡೋವರ್ ಬಂಗಲೆ ಹೆಸ್ಪರ್ ಅವರ ತಾತನ ಕಾಲದ್ದು. ಅಣ್ಣನ ಸೊಸೆ ಫಿಲಿಪಾ ಅದನ್ನು ದೊಡ್ಡ ಮನುಷ್ಯರು ಬಂದು ಉಣ್ಣುವ ಹೋಟೆಲ್ ಮಾಡಿದ ಮೇಲೂ ಮುದುಕಿ ಮೇಲಂತಸ್ತು ಬಿಟ್ಟಿರಲಿಲ್ಲ. ಅಲ್ಲಿ ಚಮಚ ಕಳೆದರೂ ಪತ್ತೆ ಹಚ್ಚುವವರು ಅವರೇ. ಜೊತೆಗಾತಿ ನೆಲ್‌ಗೆ ಅದು ಹೆಮ್ಮೆ, ಒಮ್ಮೊಮ್ಮೆ ತಲೆನೋವು.

ಓವನ್ ಹೇಳಿದ್ದಿಷ್ಟು. ಹೋಟೆಲ್‌ಗಳಿಗೆ ಅಂಕ ಕೊಡುವ ತೀರ್ಪುಗಾರರು ರಾತ್ರಿ ಊಟಕ್ಕೆ ಬಂದಿದ್ದರು. ಅವರಿಗಾಗಿ ಕಾಡುಕೋಳಿಯಂಥ ಜೋಡಿ ಫೆಸೆಂಟ್ ಹಕ್ಕಿಗಳನ್ನು ವಾರಕ್ಕೂ ಮೇಲೆ ತಣ್ಣನೆ ಉಗ್ರಾಣದಲ್ಲಿ ನೇತುಹಾಕಿ, ಮಾಂಸ ಮೆತ್ತಗಾಗಿ ರುಚಿಯೇರುವಂತೆ ಹದಗೊಳಿಸಿದ್ದ. ಆದರೆ ತಟ್ಟೆಗೆ ಬಂದದ್ದು ಚಪ್ಪಲಿಯಂಥ ಸಪ್ಪೆ ಮಾಂಸ. ತೀರ್ಪುಗಾರರು ಮುಳ್ಳುಚಮಚ ಕೆಳಗಿಟ್ಟುಬಿಟ್ಟರು. ಫಿಲಿಪಾ ಅವನನ್ನು ಕೆಲಸದಿಂದ ತೆಗೆದಳು.

"ಅವು ನನ್ನ ಹಕ್ಕಿಗಳಲ್ಲ. ಆಳು ಹೆಂಗಸು ಪುಕ್ಕ ಕಿತ್ತು ತಂದಳು, ನಾನು ಗಡಿಬಿಡೀಲಿ ನೋಡ್ಲಿಲ್ಲ. ಯಾರೋ ಬದಲಾಯಿಸಿದ್ದಾರೆ ಅಂದ್ರೆ ನಗ್ತಾರೆ."

"ಉಗ್ರಾಣದ ಬೀಗದಕೈ?"

"ನನ್ನ ಹತ್ರ, ಫಿಲಿಪಾ ಅಮ್ಮಾವ್ರ ಹತ್ರ, ಬೇಟೆ ಕಾವಲುಗಾರ ಗ್ಯಾರಿಕ್ ಹತ್ರ, ಮ್ಯಾನೇಜರ್ ಪರ್ಸೆಲ್ ಹತ್ರ."

ಹೆಸ್ಪರ್ ನೇರ ಹೋದದ್ದು ಅಡುಗೆಮನೆಯ ಕಸದ ಬುಟ್ಟಿಗೆ. ನೆಲ್ ಮೂಗು ಮುಚ್ಚಿಕೊಂಡಳು. ನಿನ್ನೆಯ ಹಕ್ಕಿಗಳಿಂದ ಕತ್ತರಿಸಿ ಎಸೆದ ತಲೆ, ಕಾಲುಗಳು ಬುಟ್ಟಿಯಲ್ಲಿದ್ದವು. ತಲೆಯ ಜೊತೆಗಿದ್ದ ಕುತ್ತಿಗೆಯ ಗರಿ ಒಂದೂ ಕದಲಿರಲಿಲ್ಲ. ಕಾಲುಗಳ ಮೇಲೆ ದಾರ ಬಿಗಿದ ಗೆರೆಯಿತ್ತು. ಉಗ್ರಾಣದಲ್ಲಿ ಆಗ ಉಳಿದಿದ್ದವು ಹಿಂಗಾಲಿಗೆ ಕಟ್ಟಿ ನೇತುಹಾಕಿದ ಮೂರು ಮೊಲ ಮಾತ್ರ. ವಾಪಸು ಬರುವಾಗ ದ್ರಾಕ್ಷಾರಸದ ನೆಲಮಾಳಿಗೆಯ ಬಾಗಿಲ ಬಳಿ ನೆಲ್ ಮತ್ತೆ ಮೂಗು ಮುಚ್ಚಿದಳು.

"ಇಲ್ಲೂ ಏನೋ ನಾತ!"

"ಆ ಮೂಗನ್ನ ಜೋಪಾನವಾಗಿಟ್ಕೋ," ಎಂದರು ಹೆಸ್ಪರ್.

ಸ್ವಲ್ಪ ಹೊತ್ತಿಗೆ ಎಲ್ಲರೂ ಉಗ್ರಾಣದಲ್ಲಿ ಸೇರಿದರು. ಗ್ಯಾರಿಕ್ ಬೆಳಿಗ್ಗೆ ಹೊಡೆದು ತಂದಿದ್ದ ಹಕ್ಕಿಗಳನ್ನು ಹೆಸ್ಪರ್ ಬೀಗದಕೈ ಇದ್ದ ನಾಲ್ವರಿಗೂ ಒಂದೊಂದು ಕೊಟ್ಟು, ದಾರವನ್ನೂ ಕೊಟ್ಟರು. "ಬೆನ್ನು ತಿರುಗಿಸಿ ನಿಂತು ನೇತುಹಾಕೋಕೆ ಕಟ್ಟಿ ನೋಡೋಣ."

"ಅತ್ತೆ, ಇದೆಂಥ ಆಟ?" ಫಿಲಿಪಾ ಸಿಡುಕಿದಳು.

"ಕಟ್ಟೋಣ ಬಿಡಿ ಮೇಡಂ," ಎಂದು ಪರ್ಸೆಲ್ ನಕ್ಕ. "ನಮ್ಮ ತಾತನ ಎಸ್ಟೇಟಿನಲ್ಲಿ ಇಂಥವು ನೂರಾರು ಕಟ್ಟಿದ್ದೀನಿ." ತಾತನ ಎಸ್ಟೇಟಿನ ಸುದ್ದಿ ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿತ್ತು. ಜಂಬದ ಕೋಳಿ, ಎಂದುಕೊಂಡಳು ನೆಲ್. ಅವನು ಮೊಲಗಳತ್ತ ಒಮ್ಮೆ ಕಳ್ಳನೋಟ ಬೀರಿದ್ದನ್ನು ಅವಳು ಗಮನಿಸಿದಳು.

ಎಲ್ಲರೂ ತಿರುಗಿದರು. ಮೂರು ಹಕ್ಕಿ ಕುತ್ತಿಗೆಯಿಂದ ನೇತಾಡುತ್ತಿದ್ದವು, ಪರ್ಸೆಲ್‌ನದು ಮಾತ್ರ ಕಾಲುಗಳಿಂದ.

ಗ್ಯಾರಿಕ್ ಬಿದ್ದುಬಿದ್ದು ನಕ್ಕ. "ಅಯ್ಯೋ ಸ್ವಾಮಿ! ತುಪ್ಪಳದ್ದಕ್ಕೆ ಕಾಲು, ಗರಿಯದ್ದಕ್ಕೆ ಕುತ್ತಿಗೆ. ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು!"

"ನಿನ್ನೆ ಬೆಂದ ಹಕ್ಕಿಗಳನ್ನೂ ಕಾಲಿಗೇ ಕಟ್ಟಿದ್ರು," ಎಂದರು ಹೆಸ್ಪರ್. "ಓವನ್ ಆಗಲಿ, ಗ್ಯಾರಿಕ್ ಆಗಲಿ, ಫಿಲಿಪಾ ಆಗಲಿ ನಿದ್ದೆಗಣ್ಣಲ್ಲೂ ಹಾಗೆ ಕಟ್ಟೋರಲ್ಲ. ಸಂತೆಯಿಂದ ಹದವಾಗದ ಹಕ್ಕಿಗಳನ್ನ ಕಾಲು ಕಟ್ಟಿಸಿಕೊಂಡು ತಂದು, ಹಾಗೇ ಕೊಕ್ಕೆಗೆ ಸಿಕ್ಕಿಸಿದವರು ನೀವು, ಪರ್ಸೆಲ್ ಅವರೇ. ಓವನ್‌ನ ಹಕ್ಕಿಗಳನ್ನ ಕಸಕ್ಕೆ ಹಾಕಿದ್ರೆ ಸಿಕ್ಕಿಬೀಳ್ತೀರಿ. ನಿಮಗೊಬ್ಬರಿಗೇ ಬೀಗದಕೈ ಇರೋ ಜಾಗ ನೆಲಮಾಳಿಗೆ, ಅಲ್ಲೇ ಬಚ್ಚಿಟ್ರಿ. ನೆಲ್ ಮೂಗು ಅದನ್ನೂ ಹೇಳ್ತು."

ಪರ್ಸೆಲ್ ಫಿಲಿಪಾಳತ್ತ ತಿರುಗಿದ. "ಕತ್ತಲಲ್ಲಿ ಇವನ ಹಕ್ಕಿಗಳ ಕುಣಿಕೆ ಬಿಚ್ಚಿಕೊಂಡೆ, ಹೇಗೆ ಕಟ್ಟಿದ್ದ ಅಂತ ಯಾರು ನೋಡ್ತಾರೆ? ಹೋಟೆಲಿನಲ್ಲಿ ಪಾಲು ಕೊಡ್ತೀನಿ ಅಂದ್ರಿ ಇವನಿಗೆ, ಒಬ್ಬ ಅಡುಗೆಯವನಿಗೆ! ನಾನೇನು ಕಡಿಮೆ?"

"ನಿಮಗೆ ತಾತನೂ ಇರಲಿಲ್ಲ, ಎಸ್ಟೇಟೂ ಇರಲಿಲ್ಲ. ಹೋಗಲಿ, ಅದು ಅಪರಾಧವಲ್ಲ," ಎಂದರು ಹೆಸ್ಪರ್ ಮೆತ್ತಗೆ. "ಇನ್ನೊಬ್ಬನ ಅನ್ನ ಕಿತ್ಕೊಂಡಿರಲ್ಲ, ಅದು."

ನಾತ ಹದಗೊಂಡ ಮಾಂಸದ್ದಷ್ಟೇ, ಮಾಳಿಗೆಯ ತಂಪಿನಲ್ಲಿ ಹಕ್ಕಿಗಳು ಕೆಟ್ಟಿರಲಿಲ್ಲ. ತೀರ್ಪುಗಾರರು ಬಂಗಲೆಯಲ್ಲೇ ತಂಗಿದ್ದರು. ಫಿಲಿಪಾ ತಾನೇ ಹೋಗಿ ಕೈಮುಗಿದು ಬೇಡಿಕೊಂಡು ಮಧ್ಯಾಹ್ನದ ಊಟಕ್ಕೆ ಕೂರಿಸಿದಳು. ತಟ್ಟೆ ವಾಪಸು ಬಂದಾಗ ಅದರಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ.

ಫಿಲಿಪಾ ಅಡುಗೆಮನೆಗೆ ಬಂದು, ಇನ್ನೂ ಪೂರ್ತಿ ಬಿಚ್ಚದ ಚಾಕುಗಳ ಸುರುಳಿಯನ್ನು ತಾನೇ ಬಿಚ್ಚಿ, ಒಂದೊಂದನ್ನೂ ಅದರದರ ಜಾಗದಲ್ಲಿಟ್ಟಳು. "ತಪ್ಪಾಯ್ತು, ಓವನ್. ಇನ್ನೊಂದು ತಟ್ಟೆ ಕೇಳ್ತಿದ್ದಾರೆ, ಇದೆಯಾ?"

ಓವನ್ ತಲೆಯಾಡಿಸಿದ. ಕಣ್ಣು ತುಂಬಿ ಬಂತು.

ಬಾಗಿಲಲ್ಲಿದ್ದ ಹೆಸ್ಪರ್ ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತರು. "ಅಳಲಿ ಬಿಡು, ನೆಲ್," ಎಂದರು. "ನಾನು ನೋಡ್ತಿಲ್ಲ."